ಹೂತವಳು ಹೇಳಬಾರದು

ನಮ್ಮೂರಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ಪಡುವಣ ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ. ನನಗೋಸ್ಕರ. ಮೊನ್ನೆ ಮೊನ್ನೆಯ ತನಕ ನಡೆಯುತ್ತಿದ್ದದ್ದು ಹೀಗೆ. ಐತಪ್ಪ ಮಾಸ್ತರು ಕಟ್ಟೆಯ ಮೇಲಿನ ಗಂಟೆ ಬಾರಿಸಿದ ಕೂಡಲೇ ಊರಿಗೆ ಊರೇ ಕಡಲಿಗೆ ಬೆನ್ನು ಹಾಕುತ್ತದೆ. ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ನೊರೆ ಇಟ್ಟುಕೊಂಡೇ ಗೋಡೆಯ ಕಡೆ ತಿರುಗುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು, ಹಿಡಿ ಮುರಿದ ಒಂದು ಹಿತ್ತಾಳೆ ಚಮಚವನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ಮರಳಿಗಿಳಿಯುತ್ತೇನೆ. ಅದನ್ನು ಒಂದು ಕಡೆ ಹೂತು, ಹೆಜ್ಜೆಗುರುತನ್ನೆಲ್ಲ ತೆಂಗಿನ ಗರಿಯಿಂದ ಗುಡಿಸಿ, ಮನೆಗೆ ಬಂದು ಚಾಕ್ಕೆ ನೀರಿಡುತ್ತೇನೆ. ಆಮೇಲೆ ಎರಡನೇ ಗಂಟೆ. ಮುನ್ನೂರ ನಲವತ್ತು ಜನ ಮೆಷಿನ್ ಹಿಡಿದುಕೊಂಡು ಕಡಲತೀರಕ್ಕೆ ನುಗ್ಗುತ್ತಾರೆ. ಡಬ್ಬಿಯ ಮೇಲೆ ಮೆಟಲ್ ಡಿಟೆಕ್ಟರ್ ಅಂತ ಬರೆದಿರುತ್ತದೆ, ಅಡಿಯಲ್ಲಿ ಲೋಹ ಇದ್ದರೆ ಕೂಗುತ್ತದೆ, ನಾವು ಮೆಷಿನ್ ಅಂತಲೇ ಕರೆಯುವುದು.

ಮರಳಿನೊಳಗೆ ಏನಾದರೂ ಲೋಹ ಇದ್ದರೆ ಮಾತ್ರ ನಮ್ಮ ಕಡಲು ದಡಕ್ಕೆ ಬರುತ್ತದೆ. ಇಲ್ಲದಿದ್ದರೆ ಇಲ್ಲ. ನನ್ನ ಅತ್ತೆ ಹೂಳುತ್ತಿದ್ದ ಕಾಲದಲ್ಲಿ ಒಮ್ಮೆ ಅವರಿಗೆ ಜ್ವರ ಬಂದು ಮೂರು ದಿನ ಮರಳು ಖಾಲಿ ಉಳಿಯಿತಂತೆ. ಕಡಲು ಎರಡು ಮೈಲಿ ಆಚೆ ಹೋಗಿ ಮುಖ ಊದಿಸಿಕೊಂಡು ಕೂತಿತಂತೆ. ದೋಣಿಗಳೆಲ್ಲ ಕೆಸರಿನಲ್ಲಿ ಮಗ್ಗುಲಾದವು. ಕೊನೆಗೆ ಗಂಡಸರು ಚೆಂಡೆ ಕಟ್ಟಿಕೊಂಡು ನಡೆದೇ ಹೋಗಿ, ಮದುವೆಗೆ ಬೀಗರನ್ನು ಕರೆದ ಹಾಗೆ ಕರೆದುಕೊಂಡು ಬಂದರಂತೆ. ಅಂದಿನಿಂದ ಚಮಚ ಸಂಜೆಯ ಉಬ್ಬರದವರೆಗೆ ಮರಳಿನಲ್ಲೇ ಇರಬೇಕು, ನಡುವೆ ಯಾರಿಗಾದರೂ ಸಿಕ್ಕಿದರೆ ಪುನಃ ಕಿಟಕಿ ಮುಚ್ಚಿಸಿ ನಾನು ಪುನಃ ಹೂಳಬೇಕು.

ಹುಡುಕಬೇಡಿ ಅಂತ ಜನರಿಗೆ ಹೇಳಿದರೆ ಮುಗಿಯಿತಲ್ಲ ಅಂತ ಹೊರಗಿನವರು ಕೇಳುತ್ತಾರೆ. ಅಲ್ಲ, ಹುಡುಕದೆ ಮತ್ತೇನು ಮಾಡುವುದು? ಮರಳಿನಲ್ಲಿ ಒಂದು ವಸ್ತು ಇದೆ ಅಂತ ಗೊತ್ತಿದ್ದೂ ಮನೆಯಲ್ಲಿ ಸುಮ್ಮನೆ ಕೂರಲು ನಮ್ಮವರಿಗೆ ಆಗುವುದಿಲ್ಲ. ಅಜ್ಜಂದಿರ ಕಾಲದಿಂದ ಜರಡಿ ಹಿಡಿದು, ಈಗ ಮೆಷಿನ್ ಹಿಡಿದು, ನಮ್ಮ ಮರಳು ಎಷ್ಟು ನುಣ್ಣಗಾಗಿದೆ ಅಂದರೆ ಉಪ್ಪಿಟ್ಟು ಮಾಡಬಹುದು. ಏಡಿಗಳು ಬೇಸತ್ತು ಪಕ್ಕದೂರಿಗೆ ವಲಸೆ ಹೋಗಿವೆ.

ಚಮಚ ಸಿಕ್ಕಿದವರ ಹೆಸರನ್ನು ಮಾಸ್ತರು ಕಟ್ಟೆಯ ಮೇಲಿನ ಕರಿಹಲಗೆಯಲ್ಲಿ ಬಿಳಿ ಪೇಂಟಿನಿಂದ ಬರೆಯುತ್ತಾರೆ. ಹೆಸರು ಬಿದ್ದವರಿಗೆ ಆಮೇಲೆ ಊರಿನ ಯಾವ ಊಟದಲ್ಲೂ ಅಂಜಲ್ ಮೀನಿನ ತಲೆ. ಬೀಳದವರಿಗೆ ಬಾಲ. ವರ್ಷಕ್ಕೆ ಹತ್ತೋ ಹನ್ನೆರಡೋ ಸಲ ಯಾರಿಗಾದರೂ ಸಿಕ್ಕೇ ಸಿಗುತ್ತದೆ. ಹಾಗಾಗಿ ಹುಡುಕುವವರಲ್ಲಿ ತಲೆ ನರೆತ ಯಾರೂ ಆಗ ಬಾಲ ತಿನ್ನುತ್ತಿರಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ನಮ್ಮ ಮನೆಯವರು.

ಅವರ ಹೆಸರು ವಾಮನ. ಹದಿನೆಂಟನೇ ವಯಸ್ಸಿನಿಂದ ಹುಡುಕುತ್ತಿದ್ದಾರೆ, ನಲವತ್ತೆರಡು ವರ್ಷ. ಮೊದಲು ಇಪ್ಪತ್ತಮೂರು ವರ್ಷ ಅವರ ಅಮ್ಮ ಹೂತರು, ಆಮೇಲೆ ಹತ್ತೊಂಬತ್ತು ವರ್ಷ ನಾನು. ಹೆತ್ತವಳು ಹೂತದ್ದೂ ಸಿಗಲಿಲ್ಲ, ಕಟ್ಟಿಕೊಂಡವಳು ಹೂತದ್ದೂ ಸಿಗಲಿಲ್ಲ. ಊರ ಊಟಕ್ಕೆ ಕೂತಾಗ ಮೀನು ಮಾರುವ ಜಲಜಕ್ಕ ಇವರ ಎಲೆಗೆ ಬಾಲ ಹಾಕುತ್ತಾ, "ವಾಮನಣ್ಣ, ಮನೆಯಲ್ಲೇ ಅಂಗಡಿ ಇಟ್ಕೊಂಡು ನಿಮಗೆ ಉಪ್ಪಿಲ್ಲ ಅಲ್ವಾ" ಅಂತ ನಗುತ್ತಿದ್ದಳು. ಇವರೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ನಗುತ್ತಿರಲಿಲ್ಲ. ಮೆಷಿನ್ನನ್ನು ಬಟ್ಟೆಯಿಂದ ಒರೆಸಿ ಒರೆಸಿ ಮೂಲೆಗಿಡುತ್ತಿದ್ದರು.

ಹೇಳಿಬಿಡಬಹುದಿತ್ತಲ್ಲ ಅಂತ ನಿಮಗನಿಸಬಹುದು. ಹೂತವಳು ಹೇಳಬಾರದು. ಬಾಯಲ್ಲಿ ಹೇಳಬಾರದು, ಕೈ ತೋರಿಸಬಾರದು, ಕಣ್ಣು ಸಹ ಆ ಕಡೆ ಹೊರಳಿಸಬಾರದು. ಹೇಳಿದ ದಿನ ಕಡಲು ಬರುವುದಿಲ್ಲ. ಮೈಮೇಲೆ ಲೋಹವನ್ನೂ ಹಾಕಿಕೊಂಡು ಹೋಗಬಾರದು. ಯಾಕೆ ಅಂತ ಅತ್ತೆಗೂ ಗೊತ್ತಿರಲಿಲ್ಲ. ಈ ಕೆಲಸ ನನಗೆ ಒಪ್ಪಿಸಿದ ದಿನ ಅವರೇ ನನ್ನ ಕರಿಮಣಿ ತೆಗೆಸಿ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಸಿದ್ದರು. ನನ್ನ ರವಿಕೆಗೆ ಹುಕ್ ಇಲ್ಲ, ಗಂಟು. ಕಾಲುಂಗುರ ಮಾತ್ರ ಮುತ್ತೈದೆಗೆ ಬೇಕೇ ಬೇಕು ಅಂತ ಬಿಟ್ಟರು. ಅದನ್ನು ದಿನಾ ಬೆಳಿಗ್ಗೆ ತೆಗೆದು, ಬಂದ ಮೇಲೆ ಹಾಕಿಕೊಳ್ಳುತ್ತೇನೆ. ಮದುವೆಯ ದಿನ ಇವರು ನನ್ನ ಕಾಲು ಹಿಡಿದು ತೊಡಿಸಿದ ಉಂಗುರಗಳು. ಈಗ ಕಾಲು ದಪ್ಪವಾಗಿ, ಕೊಬ್ಬರಿ ಎಣ್ಣೆ ಹಚ್ಚದೆ ಅವು ಜಪ್ಪಯ್ಯ ಅಂದರೂ ಹೊರಬರುವುದಿಲ್ಲ.

ಅರುವತ್ತು ತುಂಬಿದವರು ಮೆಷಿನ್ನನ್ನು ಕಟ್ಟೆಗೆ ಒಪ್ಪಿಸಿಬಿಡಬೇಕು. ಆ ವಯಸ್ಸಿನ ಮೇಲೆ ಮೆಷಿನ್ ಕೂಗದಿದ್ದರೂ ಕಿವಿಯೊಳಗೆ ಕೂಗುತ್ತದೆ, ಸುಮ್ಮನೆ ಅಲ್ಲಲ್ಲಿ ಅಗೆದು ಹಾಕುತ್ತಾರೆ ಅಂತ ಮಾಸ್ತರ ವಾದ. ಇವರಿಗೆ ಅರುವತ್ತು ತುಂಬುವುದು ಒಂದು ಗುರುವಾರ ಬಂತು. ಬುಧವಾರ ಕೊನೆಯ ದಿನ. ಬುಧವಾರ ಸಿಗದಿದ್ದರೆ ಸಾಯುವ ತನಕ ಬಾಲ.

ಆ ಬುಧವಾರ ಬೆಳಿಗ್ಗೆ ಚಮಚ ಹಿಡಿದು ಮರಳಿನಲ್ಲಿ ನಿಂತವಳು ಒಂದು ನಿಶ್ಚಯ ಮಾಡಿದೆ. ನಮ್ಮ ಮನೆಯವರ ದಾರಿ ಊರಿಗೇ ಗೊತ್ತು. ಕವುಚಿ ಹಾಕಿದ ಹಳೇ ದೋಣಿಯ ಹತ್ತಿರ ಶುರು ಮಾಡಿ ಉತ್ತರಕ್ಕೇ ಹೋಗುತ್ತಾರೆ, ಕರಿಬಂಡೆಯ ನೆರಳಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾರೆ, ವಾಪಸು ಬರುತ್ತಾರೆ. ನಲವತ್ತೆರಡು ವರ್ಷದಲ್ಲಿ ಒಂದು ದಿನವೂ ದಕ್ಷಿಣಕ್ಕೆ ಕಾಲಿಟ್ಟವರಲ್ಲ. ಗಂಡನಿಗೆ ಸಿಗಲಿ ಅಂತ ಹೂತಳು ಎಂಬ ಮಾತು ಬರಬಾರದೆಂದು ನಾನು ಆ ಬಂಡೆಯ ಹತ್ತಿರ ಒಮ್ಮೆಯೂ ಹೂತಿರಲಿಲ್ಲ, ಹಾಗಾಗಿ ಬೇರೆ ಯಾರೂ ಅಲ್ಲಿಗೆ ಮೆಷಿನ್ ತರುತ್ತಲೂ ಇರಲಿಲ್ಲ. ಅಂದು ನೇರ ಅಲ್ಲಿಗೇ ಹೋದೆ. ಇವರು ಮಜ್ಜಿಗೆ ಬಾಟಲಿ ಇಡುವ ಜಾಗದಲ್ಲೇ, ನಾಲ್ಕೇ ಬೆರಳು ಆಳಕ್ಕೆ, ಒಂದು ಮಗುವೂ ಎಡವಿ ಬಿದ್ದು ಹುಡುಕಬಹುದಾದ ಹಾಗೆ ಹೂತೆ. ಹೇಳಬಾರದು ಅಂತ ಕಟ್ಟಳೆ ಇದೆ, ಇಲ್ಲಿ ಹೂಳಬಾರದು ಅಂತ ಇಲ್ಲವಲ್ಲ. ಹೆಜ್ಜೆ ಗುಡಿಸುವಾಗ ಖುಷಿಯಾಗುತ್ತಿತ್ತು.

ಮನೆಗೆ ಬಂದು ಕಾಲುಂಗುರ ಹಾಕಿಕೊಂಡು ಇವರಿಗೆ ಗಂಜಿ ಬಡಿಸಿದೆ. ಉಪ್ಪಿನಕಾಯಿ ನೆಕ್ಕುತ್ತಾ ಇವರು ಹೇಳಿದರು, "ಗುಲಾಬಿ, ಇವತ್ತು ನಾನು ದಕ್ಷಿಣಕ್ಕೆ ಹೋಗುವುದು."

ಕೈಯಲ್ಲಿದ್ದ ಸೌಟು ಗಂಜಿಯೊಳಗೇ ಮುಳುಗಿತು.

"ಎಂತಕ್ಕೆ?" ಅಂದೆ.

"ಎಂತಕ್ಕೆ ಅಂದ್ರೆ? ನಲವತ್ತೆರಡು ವರ್ಷ ಉತ್ತರಕ್ಕೆ ಹೋದೆ. ಅಲ್ಲಿ ಇದ್ದಿದ್ರೆ ಸಿಗ್ತಿರ್ಲಿಲ್ವಾ?"

"ದಕ್ಷಿಣದಲ್ಲಿ ಗಾಳಿ ಜಾಸ್ತಿ, ನಿಮಗೆ ಶೀತ ಆಗ್ತದೆ."

"ಬಿಸಿಲಿಗೆ ಮಂಡೆ ಬೇಯುವ ಕಾಲ, ಎಂತ ಶೀತ?"

"ಮಜ್ಜಿಗೆ ಕುಡೀಲಿಕ್ಕೆ ಅಲ್ಲಿ ನೆರಳಿಲ್ಲ."

"ಇವತ್ತು ಮಜ್ಜಿಗೆ ಬೇಡ."

"ಅಭ್ಯಾಸ ಬಿಡಬಾರದು ಅಂತ ನಿಮ್ಮ ಅಮ್ಮನೇ ಹೇಳ್ತಿದ್ರು."

ಇವರು ತಟ್ಟೆಯಿಂದ ತಲೆಯೆತ್ತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೆಲ್ಲಗೆ ಮುಖವೆಲ್ಲ ಅರಳಿತು. "ಓಹೋ. ನೀನು ನನ್ನನ್ನು ಉತ್ತರಕ್ಕೆ ಅಟ್ಟುತ್ತಾ ಇದ್ದೀ. ಅಂದ್ರೆ ದಕ್ಷಿಣದಲ್ಲೇ ಉಂಟು! ನೀನು ಸತ್ರೂ ಹೇಳುವವಳಲ್ಲ, ನಂಗೆ ಗೊತ್ತಿಲ್ವಾ?" ಅಂತ ಎದ್ದು ಕೈ ತೊಳೆದು, ಮೆಷಿನ್ ಹೆಗಲಿಗೇರಿಸಿ, ಹದಿನೆಂಟರ ಹುಡುಗನ ಹಾಗೆ ಶಿಳ್ಳೆ ಹಾಕುತ್ತಾ ಹೊರಟರು. ಹತ್ತೊಂಬತ್ತು ವರ್ಷ ನಿಯತ್ತಿನಿಂದ ಇದ್ದದ್ದಕ್ಕೆ ನನಗೆ ಸಿಕ್ಕಿದ ಫಲ ಇದು. ಬಾಯಿ ಬಿಟ್ಟರೆ ಕಡಲು ಹೋಗುತ್ತದೆ, ಬಿಡದಿದ್ದರೆ ಗಂಡನ ಮೀನಿನ ತಲೆ ಹೋಗುತ್ತದೆ. ಮೀನಿಗೆ ಮಸಾಲೆ ಅರೆಯಲು ಕೂತವಳು ಸಿಟ್ಟಿನಲ್ಲಿ ಎಂಟು ಮೆಣಸು ಹಾಕುವಲ್ಲಿ ಇಪ್ಪತ್ತು ಹಾಕಿದೆ.

ಅಷ್ಟು ಹೊತ್ತಿಗೆ ಮರಳಿನಲ್ಲಿ ಬೇರೆಯೇ ನಾಟಕ ಶುರುವಾಗಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ವಾಮನಣ್ಣ ಕೊನೆಯ ದಿನ ದಾರಿ ತಪ್ಪಿ ದಕ್ಷಿಣಕ್ಕೆ ಹೋಗುತ್ತಿರುವುದನ್ನು ಕಂಡು ಜಲಜಕ್ಕನ ಕರುಳು ಚುರ್ ಅಂದಿತಂತೆ. ಅಷ್ಟು ವರ್ಷ ಬಾಲ ಬಡಿಸಿದವಳು ಅವಳಲ್ಲವೆ. ಯಾರಿಗೂ ಕಾಣದ ಹಾಗೆ ಇವರಿಗಿಂತ ಮುಂದೆ ಓಡಿ, ತನ್ನ ಮೀನು ಕೊಯ್ಯುವ ಕತ್ತಿಯನ್ನೇ ಮರಳಲ್ಲಿ ಒತ್ತಿ ಬಂದಳು. ಚಮಚವಲ್ಲದಿದ್ದರೆ ಏನಾಯಿತು, ಮರಳಿನಡಿ ಯಾವ ಲೋಹ ಸಿಕ್ಕಿದರೂ ಹೆಸರು ಬರೆಯಬೇಕು ಅಂತ ಕಟ್ಟಳೆ. ಕ್ಷೌರದವನಿಗೂ ಅದೇ ಯೋಚನೆ ಬಂತು, ಕತ್ತರಿ ಹೂತ. ಒಬ್ಬ ಸೈಕಲ್ಲಿನ ಬೆಲ್ ಹೂತ, ಇನ್ನೊಬ್ಬಳು ಇಡ್ಲಿ ತಟ್ಟೆ ಹೂತಳು. ಪ್ರತಿಯೊಬ್ಬರೂ ಈ ಉಪಾಯ ತಮಗೊಬ್ಬರಿಗೇ ಹೊಳೆದದ್ದು ಅಂದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತಿದ್ದರು. ಕಟ್ಟಳೆಯ ವಿಷಯದಲ್ಲಿ ಕೂದಲು ಸೀಳುವ ಐತಪ್ಪ ಮಾಸ್ತರು ಸಹ, ಕೈಗೆ ಬೇರೇನೂ ಸಿಗದೆ, ಗಂಟೆಯ ನಾಲಿಗೆ ಬಿಚ್ಚಿ ಪಂಚೆಯ ಮಡಿಲಲ್ಲಿ ಹಾಕಿಕೊಂಡು ಬಂದು ಹೂತು ಹೋದರು.

ನಮ್ಮ ಮನೆಯವರು ಮೆಷಿನ್ ಚಾಲೂ ಮಾಡಿ ಒಂದು ಹೆಜ್ಜೆ ಇಟ್ಟರು. ಕುಂಯ್ ಅಂತು. ಇನ್ನೊಂದು ಹೆಜ್ಜೆಗೆ ಮತ್ತೆ ಕುಂಯ್. ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ, ಎಲ್ಲಿ ತಿರುಗಿಸಿದರೂ ಕುಂಯ್ ಕುಂಯ್ ಕುಂಯ್. ಬೇರೆ ಯಾರಾದರೂ ಆಗಿದ್ದರೆ ಅಗೆಯುತ್ತಿದ್ದರು. ನಲವತ್ತೆರಡು ವರ್ಷ ಆ ಶಬ್ದವನ್ನೇ ಕೇಳದ ಮನುಷ್ಯ ಏನು ಮಾಡಿಯಾನು? "ಥತ್, ಇವತ್ತೇ ಹಾಳಾಗ್ಬೇಕಾ ಇದು" ಅಂತ ಮರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸ್ಕ್ರೂಡ್ರೈವರ್ ತೆಗೆದು, ಮೆಷಿನ್ನನ್ನು ಬಿಚ್ಚಿದರು. ಅವರು ಕೂತದ್ದು ಇಡ್ಲಿ ತಟ್ಟೆಯ ಮೇಲೆ.

ಊರವರು ದೂರದಲ್ಲಿ ನಿಂತು ತಲೆ ಚಚ್ಚಿಕೊಂಡರು. ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಹೂತವರು ಹೇಳಬಾರದು, ಈಗ ಎಲ್ಲರೂ ಹೂತವರೇ.

ಆದರೆ ಒಂದು ಚಮಚಕ್ಕೇ ದಿನಕ್ಕೆರಡು ಸಲ ಬರುವ ಕಡಲು, ಅಷ್ಟೊಂದು ಲೋಹ ಒಟ್ಟಿಗೆ ಬಿದ್ದಿರುವಾಗ ಸುಮ್ಮನಿದ್ದೀತೆ? ಹನ್ನೊಂದು ಗಂಟೆಗೆ, ಉಬ್ಬರದ ಹೊತ್ತೇ ಅಲ್ಲದ ಹೊತ್ತಿನಲ್ಲಿ, ಅದು ಎದ್ದಿತು. ಅರೆಯುವ ಕಲ್ಲಿನ ಮುಂದೆ ಕೂತಿದ್ದ ನನಗೆ ಮೊದಲು ಕೇಳಿದ್ದು ಅದರ ಸದ್ದು. ಬಾಗಿಲಿಗೆ ಬಂದು ನೋಡಿದರೆ ನೀರು ದಡದ ಮೇಲೆ ಓಡಿಕೊಂಡು ಬರುತ್ತಿತ್ತು. ಜನ ಕಟ್ಟೆ ಹತ್ತುತ್ತಿದ್ದರು. ಮಾಸ್ತರು ಗಂಟೆಯ ಹಗ್ಗ ಜಗ್ಗುತ್ತಲೇ ಇದ್ದರು. ಗಂಟೆ ಅಲ್ಲಾಡುತ್ತಿತ್ತು, ನಾಲಿಗೆಯಿಲ್ಲದ್ದರಿಂದ ಶಬ್ದ ಮಾತ್ರ ಬರಲಿಲ್ಲ. ದಕ್ಷಿಣದಲ್ಲಿ ನಮ್ಮ ಮನೆಯವರು ಕಡಲಿಗೆ ಬೆನ್ನು ಹಾಕಿ ಮೆಷಿನ್ನಿನ ಹೊಟ್ಟೆಯೊಳಗೆ ಮುಖ ಹಾಕಿಕೊಂಡು ಕೂತಿದ್ದರು.

ಕೈಯಲ್ಲಿ ಮಸಾಲೆ ಇರುವಂತೆಯೇ ಓಡಿದೆ. ಕಾಲುಂಗುರ ತೆಗೆಯಬೇಕೆಂಬ ನೆನಪೂ ಬರಲಿಲ್ಲ. "ಏಳೀ, ಹೋಯ್, ಏಳಿ" ಅಂತ ಕೂಗುತ್ತಾ ಹೋಗಿ ಇವರ ಅಂಗಿಯ ಕಾಲರ್ ಹಿಡಿದೆಳೆದೆ. "ತಡಿಯೇ, ಒಂದು ಸ್ಕ್ರೂ ಬಿದ್ದಿದೆ" ಅಂದರು. ಅಷ್ಟರಲ್ಲಿ ಕಡಲು ಬಂದಿತು.

ಅದು ನಮಗೆ ಹೊಡೆಯಲಿಕ್ಕೆ ಬಂದದ್ದಲ್ಲ, ಅದರ ಗಡಿಬಿಡಿಯಲ್ಲಿ ನಾವು ಅಡ್ಡ ಸಿಕ್ಕಿದ್ದು. ನೀರು ಮರಳನ್ನು ಬಾಚಿತು, ತಡಕಾಡಿತು, ಕತ್ತಿ, ಕತ್ತರಿ, ಇಡ್ಲಿ ತಟ್ಟೆ, ಗಂಟೆಯ ನಾಲಿಗೆ, ಸ್ಕ್ರೂ, ಕರಿಬಂಡೆಯ ಬಳಿಯಿದ್ದ ಊರ ಚಮಚ, ಕೊನೆಗೆ ಇವರ ಮೂಗಿನ ಮೇಲಿನ ಸ್ಟೀಲ್ ಕನ್ನಡಕ, ಎಲ್ಲವನ್ನೂ ಬಳಿದುಕೊಂಡು ಬಂದ ಹಾಗೇ ಹಿಂದೆ ಹೋಯಿತು. ನನ್ನ ಕಾಲುಂಗುರವನ್ನೂ ಎಳೆದು ನೋಡಿತು. ಕಡಲಿಗೆ ಕೊಬ್ಬರಿ ಎಣ್ಣೆಯ ಉಪಾಯ ಗೊತ್ತಿರಲಿಲ್ಲ.

ಕಣ್ಣು ಬಿಟ್ಟಾಗ ನಾನು ಮೊಣಕಾಲಿನವರೆಗೆ ಮರಳಿನಲ್ಲಿ ಹೂತುಹೋಗಿದ್ದೆ. ನೆಟ್ಟ ಕಂಬದ ಹಾಗೆ, ಅತ್ತಿತ್ತ ಅಲುಗುವಂತಿಲ್ಲ. ಇವರು ಇಪ್ಪತ್ತು ಮಾರು ದೂರದಲ್ಲಿ ಮೆಷಿನ್ನನ್ನು ಕೂಸಿನಂತೆ ಅಪ್ಪಿಕೊಂಡು ಎದ್ದು ನಿಂತಿದ್ದರು. ಕನ್ನಡಕವಿಲ್ಲದೆ ಇವರಿಗೆ ತಮ್ಮ ಅಂಗೈಯೂ ಸರಿಯಾಗಿ ಕಾಣುವುದಿಲ್ಲ. "ಗುಲಾಬೀ!" ಅಂತ ಕೂಗಿದರು.

ಇಲ್ಲಿದ್ದೇನೆ ಅನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ಕಡಲು ಎಲ್ಲವನ್ನೂ ಕೊಂಡುಹೋಗಿದೆ. ಇಡೀ ತೀರದಲ್ಲಿ ಈಗ ಮರಳಿನಡಿ ಇರುವ ಲೋಹ ಅಂದರೆ ನನ್ನ ಎರಡು ಕಾಲುಂಗುರ, ಅಷ್ಟೆ. ಹೂತದ್ದು ಕಡಲೇ ಆದರೂ ಹೂತುಕೊಂಡು ನಿಂತವಳು ನಾನು. ಬಾಯಿ ಬಿಟ್ಟರೆ ಎಲ್ಲಿದೆ ಅಂತ ಹೇಳಿದ ಹಾಗೆ.

ತೆರೆದ ಬಾಯಿಗೆ ಸೆರಗು ತುರುಕಿಕೊಂಡೆ.

"ಗುಲಾಬೀ, ಎಲ್ಲಿದ್ದೀಯೇ? ಮಾತಾಡೇ!" ಇವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಇದಕ್ಕಿಂತ ದೊಡ್ಡ ಪಾಪ ನಾನು ಮಾಡಿದ್ದಿಲ್ಲ, ದೇವರಾಣೆ. ಆ ಮನುಷ್ಯ ಮೂಗು ಒರೆಸಿಕೊಂಡು, ಸ್ಕ್ರೂ ಬಿದ್ದುಹೋದ ಮೆಷಿನ್ನಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ಕಾಲುಂಗುರ ಉಂಟಲ್ಲ" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. "ನಾನೇ ಹಾಕಿದ್ದು. ಕೂಗಿಯೇ ಕೂಗ್ತದೆ." ಮೆಷಿನ್ನನ್ನು ಮರಳಿನ ಮೇಲೆ ಆಡಿಸುತ್ತಾ ಹೊರಟರು. ಉತ್ತರಕ್ಕೆ. ಕಾಲಿಗೆ ನಲವತ್ತೆರಡು ವರ್ಷದ ಚಟ.

ಕಟ್ಟೆಯ ಮೇಲೆ ಊರಿಗೆ ಊರೇ ನಿಂತು ನೋಡುತ್ತಿತ್ತು. ಜಲಜಕ್ಕ "ಈಚೆ" ಅನ್ನಲು ಹೊರಟಳು, ಐತಪ್ಪ ಮಾಸ್ತರು ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಆ ಕೈಯನ್ನು ಕಚ್ಚಿದಳು. ಮಾಸ್ತರು ಕೈ ತೆಗೆಯಲಿಲ್ಲ.

ಇವರು ಹತ್ತು ಹೆಜ್ಜೆ ಹೋದರು, ಇಪ್ಪತ್ತು ಹೋದರು. ನಾನು ಸೆರಗನ್ನು ಇನ್ನಷ್ಟು ತುರುಕಿಕೊಂಡೆ. ಆಗ ಇವರು ತಟ್ಟನೆ ನಿಂತರು. "ಅಲ್ಲ, ಬೆಳಿಗ್ಗೆ ಅವಳು ಉತ್ತರಕ್ಕೆ ಹೋಗಿ ಅಂದಿದ್ಲು" ಅಂತ ಗಟ್ಟಿಯಾಗಿಯೇ ಲೆಕ್ಕ ಹಾಕಿದರು. "ಅಂದ್ರೆ ಅವಳು ದಕ್ಷಿಣದಲ್ಲೇ ಇರ್ಬೇಕು."

ಇಷ್ಟು ದಡ್ಡ ಲೆಕ್ಕಕ್ಕೆ ಇಷ್ಟು ಸರಿಯಾದ ಉತ್ತರ ಬಂದದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಇವರು ತಿರುಗಿದರು. ನನ್ನ ಹತ್ತಿರ ಬಂದರು. ಎರಡು ಮಾರು ದೂರದಿಂದ ನನ್ನನ್ನೇ ಕಣ್ಣು ಕಿರಿದು ಮಾಡಿ ನೋಡಿ, "ಯಾರದ್ದೋ ದೋಣಿ ಒಡೆದಿದೆ ಪಾಪ" ಅಂದರು. ಅದನ್ನೂ ಸಹಿಸಿಕೊಂಡೆ. ಮೆಷಿನ್ ನನ್ನ ಎಡಕ್ಕೆ ಆಡಿತು, ಸುಮ್ಮನಿತ್ತು. ಬಲಕ್ಕೆ ಬಂದಿತು.

ಕುಂಯ್.

ಮೆಷಿನ್ ಬಿಸಾಡಿ, ಮಂಡಿಯೂರಿ, ಎರಡೂ ಕೈಯಿಂದ ಮರಳು ಬಗೆದರು. ಬಗೆದು ಬಗೆದು ಮೊಳದಾಳದಲ್ಲಿ ನನ್ನ ಕಾಲ್ಬೆರಳು ಸಿಕ್ಕಿತು. ಅದರ ಮೇಲಿನ ಬೆಳ್ಳಿಯನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಮೆಲ್ಲಗೆ ತಲೆಯೆತ್ತಿದರು.

"ನೀನಾ?"

ಸೆರಗು ಉಗುಳಿ ಅಂದೆ, "ಮತ್ತ್ಯಾರು?"

"ಎಷ್ಟು ಕರೆದೆ ನಾನು! ಎಂತಕ್ಕೆ ಓಗೊಡಲಿಲ್ಲ?"

"ಹೂತವಳು ಹೇಳಬಾರದು."

ಇವರು ಬೈಯಲು ಬಾಯಿ ತೆರೆದವರು ನನ್ನ ಕಾಲ್ಬೆರಳು ಹಿಡಿದುಕೊಂಡೇ ಗೊಳೋ ಅಂತ ಅತ್ತುಬಿಟ್ಟರು. ನಾನೂ ಅತ್ತೆ. ಕೈಯಲ್ಲಿ ಉಳಿದ ಮೆಣಸಿನ ಮಸಾಲೆಯಿಂದ ಕಣ್ಣೊರೆಸಿಕೊಂಡದ್ದರಿಂದ ಸ್ವಲ್ಪ ಜಾಸ್ತಿಯೇ ಅತ್ತೆ.

ಐತಪ್ಪ ಮಾಸ್ತರು ಅಳತೆಪಟ್ಟಿ ಹಿಡಿದುಕೊಂಡು ಬಂದರು. ಉಂಗುರ ಮರಳಿನಿಂದ ಹದಿನೇಳು ಅಂಗುಲ ಕೆಳಗಿರುವುದನ್ನು ಅಳೆದರು. ನನ್ನ ಕತ್ತಿನಲ್ಲಿರುವುದು ಅರಿಶಿನದ ಕೊಂಬೇ, ಲೋಹವಲ್ಲ ಅಂತ ಜಲಜಕ್ಕನಿಂದ ಖಾತ್ರಿ ಮಾಡಿಸಿಕೊಂಡರು. ಆಮೇಲಷ್ಟೇ ನನ್ನನ್ನು ಎಳೆದು ತೆಗೆಯಲು ಆರು ಜನರಿಗೆ ಅಪ್ಪಣೆ ಕೊಟ್ಟದ್ದು. ಗಂಟೆಗೆ ನಾಲಿಗೆಯಿಲ್ಲವಾದ್ದರಿಂದ ಕಟ್ಟೆಯ ಮೇಲೆ ನಿಂತು ಬಾಯಿಂದಲೇ ಢಣ್ ಢಣ್ ಅಂದರು. ಹಲಗೆಯಲ್ಲಿ ಗುಂಡು ಅಕ್ಷರದಲ್ಲಿ ಬರೆದರು: "ವಾಮನ. ಬೆಳ್ಳಿಯ ಕಾಲುಂಗುರ ಒಂದು ಜೊತೆ, ಮಾಲೀಕರ ಸಮೇತ."

ಮರುದಿನ ಇವರಿಗೆ ಅರುವತ್ತು ತುಂಬಿತು. ಊರ ಊಟದಲ್ಲಿ ಜಲಜಕ್ಕ ತಾನೇ ನಿಂತು ಅಂಜಲಿನ ತಲೆಯನ್ನು ಇವರ ಎಲೆಗೆ ಹಾಕಿದಳು. ಎಲ್ಲರೂ ತಿನ್ನುವುದು ಬಿಟ್ಟು ನೋಡುತ್ತಿದ್ದರು. ಇವರು ಅದನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಕೆನ್ನೆ ಕಿತ್ತು ನೋಡಿದರು, ಕಣ್ಣಿನಲ್ಲಿ ಬೆರಳು ಹಾಕಿದರು. ಆಮೇಲೆ ನನ್ನ ಕಿವಿಯಲ್ಲಿ, "ಇದರಲ್ಲಿ ತಿನ್ಲಿಕ್ಕೆ ಎಂತ ಉಂಟು ಮಾರಾಯ್ತಿ?" ಅಂತ ಕೇಳಿ, ತಲೆಯನ್ನು ನನ್ನ ಎಲೆಗೆ ದಾಟಿಸಿ ನನ್ನ ಬಾಲವನ್ನು ಎಳೆದುಕೊಂಡರು.

ಚಮಚ ಹೋಯಿತು, ಈಗ ಏನನ್ನು ಹೂಳುತ್ತೀರಿ ಅಂತ ಕೇಳುತ್ತೀರಾದರೆ, ಇವರು ಕಟ್ಟೆಗೆ ಒಪ್ಪಿಸಿದ ಮೆಷಿನ್ನನ್ನೇ. ಮುನ್ನೂರ ಮೂವತ್ತೊಂಬತ್ತು ಮೆಷಿನ್ನುಗಳು ಈಗ ಒಂದು ಮೆಷಿನ್ನನ್ನು ಹುಡುಕುತ್ತವೆ. ಇವರು ಹೊಸ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ದಕ್ಷಿಣಕ್ಕೆ ಹೋಗಿ ಅಂತ ಬುದ್ಧಿ ಹೇಳುತ್ತಾರೆ.

ಬೆಳಿಗ್ಗೆ ಆರಕ್ಕೆ ಮಾಸ್ತರು ಬಾಯಲ್ಲಿ ಢಣ್ ಅಂದ ಕೂಡಲೇ ಇವರೂ ಎಲ್ಲರಂತೆ ಗೋಡೆಯ ಕಡೆ ತಿರುಗುತ್ತಾರೆ. ಅದಕ್ಕೂ ಮೊದಲು ಮಾತ್ರ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದುಕೊಂಡು ನನ್ನ ಕಾಲ ಬಳಿ ಕೂರುತ್ತಾರೆ. ಉಂಗುರಗಳನ್ನು ತಾವೇ ಜಾರಿಸಿ ತೆಗೆದು, ಒರೆಸಿ, ಅಂಗಿಯ ಜೇಬಿಗೆ ಹಾಕಿ ಮೇಲಿಂದ ಕೈಯಿಟ್ಟುಕೊಳ್ಳುತ್ತಾರೆ.

"ಬೇಗ ಬಾ" ಅನ್ನುತ್ತಾರೆ. "ಇವತ್ತು ಕಳೆದುಹೋದ್ರೆ ಹುಡುಕ್ಲಿಕ್ಕೆ ನನ್ನ ಹತ್ರ ಮೆಷಿನ್ ಇಲ್ಲ."